ಮೊಳೆಯ ಗಾಢನಿದ್ದೆ

ನಿದ್ದೆಯ ವಿಷಯದಲ್ಲಿ ನಾನು ಮೊದಲಿನಿಂದಲೂ ಭಾಗ್ಯವಂತ. ಬಸ್ಸಿನಲ್ಲಿ ನಿಂತುಕೊಂಡೇ ನಿದ್ದೆ ಮಾಡಬಲ್ಲೆ. ಮಾಗಡಿಯಲ್ಲಿ ಇಳಿಯಬೇಕಾದವನು ಕುದೂರಿನಲ್ಲಿ ಕಣ್ಣುಬಿಟ್ಟದ್ದು ಎಷ್ಟು ಸಲವೋ. ಇಂಥವನಿಗೆ ಊರವರ ನಿದ್ದೆ ಅಳೆಯುವ ಕೆಲಸ ಸಿಕ್ಕಿದಾಗ ನನ್ನ ಹೆಂಡತಿ ಒಂದು ವಾರ ನಕ್ಕಳು.

ಕುದೂರಿನ ಹತ್ತಿರದ ಒಂದು ಹಳ್ಳಿಯ ಮೇಲೆ ರಾತ್ರಿ ಹೊತ್ತು ವಿಮಾನಗಳು ತಗ್ಗಿನಲ್ಲಿ ಹಾರತೊಡಗಿದ್ದವು. ಕಣ್ಣಿಗೆ ನಿದ್ದೆಯಿಲ್ಲವೆಂದು ಊರವರು ಅರ್ಜಿ ಹಾಕಿದ್ದರು. ಅದು ಅಳತೆಯಲ್ಲಿ ಕಂಡರೆ ವಿಮಾನಗಳ ದಾರಿ ಬದಲಿಸುವ ಮಾತಿತ್ತು. ನಾನು ಹನ್ನೆರಡು ಮನೆಗಳಿಗೆ ಕೈಗೆ ಕಟ್ಟುವ ಪಟ್ಟಿ ಹಂಚಿದೆ. ಮಲಗಿದವರು ಹೊರಳಿದರೆ, ಎದ್ದರೆ ಅದು ನನ್ನ ಫೋನಿಗೆ ತಿಳಿಸುತ್ತದೆ. ಅಲುಗದಿದ್ದರೆ ಗಾಢನಿದ್ದೆ ಎನ್ನುತ್ತದೆ. ಎರಡು ವಾರದ ಅಳತೆ ನೋಡಿ ನನಗೇ ಹೊಟ್ಟೆಕಿಚ್ಚಾಯಿತು. ತಲೆಯ ಮೇಲೆ ವಿಮಾನ ಗುಡುಗಿದರೂ ಊರಿಗೆ ಊರೇ ಅಲುಗಿಲ್ಲ! ಅದರಲ್ಲೂ ಕೆಂಪಮ್ಮ ಎಂಬಾಕೆ ನನ್ನನ್ನೇ ಮೀರಿಸಿದ್ದರು. ‘ನಿದ್ದೆಗೆ ತೊಂದರೆ ಕಂಡುಬಂದಿಲ್ಲ’ ಎಂದು ಬರೆದು, ಸಹಿ ಹಾಕಿ ಕಳಿಸಿದೆ.

ಪಟ್ಟಿಗಳನ್ನು ವಾಪಸು ತರಲು ಹೋದಾಗ ಕೆಂಪಮ್ಮನ ಪಟ್ಟಿ ರೇಷ್ಮೆಹುಳುವಿನ ಮನೆಯ ಬಾಗಿಲ ಮೊಳೆಗೆ ನೇತಾಡುತ್ತಿತ್ತು.

“ಇದ್ಯಾಕವ್ವಾ ಇಲ್ಲೈತೆ?” ಎಂದೆ.

“ರಾತ್ರಿ ಹುಳಕ್ಕೆ ಸೊಪ್ಪು ಹಾಕ್ಬೇಕಲ್ಲ ಸಾ. ಹೊರಗಿನ ಸಾಮಾನು ಕಟ್ಕಂಡು ಒಳಕ್ಕೋದ್ರೆ ಹುಳ ಕೆಡ್ತವೆ. ಕೈ ತೊಳ್ಕಂಡು ಇಲ್ಲಿ ನೇತಾಕ್ಬುಡ್ತೀನಿ. ತಿರುಗಾ ಕಟ್ಕಳಕ್ಕೆ ಯಾರಿಗ್ ನೆಪ್ಪಿರ್ತದೆ? ಊರಲ್ಲೆಲ್ಲಾ ಹಿಂಗೇಯಾ.”

“ಮತ್ತೆ ನಿದ್ದೆ?”

“ಒಸಿ ಕಣ್ಣು ಮುಚ್ಚೋಷ್ಟ್ರಲ್ಲಿ ಮ್ಯಾಲೆ ಒಂದು ಬತ್ತದೆ. ಮೊನ್ನೆ ಬೆಳಿಗ್ಗೆ ತೂಕಡಿಸ್ಕಂಡು ಸೊಪ್ಪು ಕುಯ್ಯಕ್ಕೋಗಿ ಹಿಂಗಾಯ್ತು.” ಎಡಗೈ ತೋರಿಸಿದರು. ಬಟ್ಟೆ ಸುತ್ತಿದ್ದ ತೋರುಬೆರಳು ಅರ್ಧಕ್ಕೇ ಮುಗಿದಿತ್ತು. “ನೀವು ಬರ್ದು ಕಳಿಸಿದ್ದೀರಂತಲ್ಲ ಸಾ, ಇನ್ಮೇಲಾದ್ರೂ ನಿಲ್ಲಿಸ್ತಾರಾ?”

ನಾನೂ ಹುಳ ಸಾಕಿದ ಮನೆಯವನೇ. ಚಿಕ್ಕಂದಿನಲ್ಲಿ ಕೈ ತೊಳೆಯದೆ ಒಳಗೆ ನುಗ್ಗಿ ಅವ್ವನಿಂದ ಬಾಸುಂಡೆ ಬರುವಂತೆ ಏಟು ತಿಂದವನು. ಆದರೂ ಪಟ್ಟಿ ಹಂಚುವಾಗ ಈ ಯೋಚನೆ ಬರಲಿಲ್ಲವೆಂದರೆ ನನ್ನ ತಲೆಗೆ ಏನೆನ್ನಬೇಕು? ನಾಚಿಕೆಯಿಂದ ಮೈ ಹಿಡಿಯಾಯಿತು. “ನೋಡಾನ ಕಣವ್ವಾ” ಎಂದು ಹೇಳಿ ಬಂದುಬಿಟ್ಟೆ.

ಅಳೆದದ್ದು ಮೊಳೆಗಳ ನಿದ್ದೆಯನ್ನು ಎಂದು ಮೇಲಧಿಕಾರಿಯ ಮುಂದೆ ತಪ್ಪೊಪ್ಪಿಕೊಂಡೆ. ಅವರು ಕಾಫಿ ಕುಡಿಯುತ್ತಲೇ, “ತೀರ್ಮಾನ ಆಗೋಯ್ತಲ್ರೀ. ಈಗ ಬಾಯಿ ಬಿಟ್ಟರೆ ಮೊದಲು ಹೋಗೋದು ನಿಮ್ಮ ಕೆಲಸ” ಎಂದರು. ನಾನು ಬಾಯಿ ಮುಚ್ಚಿಕೊಂಡೆ.

ಕೆಂಪಮ್ಮನ ಪಟ್ಟಿಯನ್ನು ಈಗ ನಾನೇ ಕಟ್ಟಿಕೊಂಡು ಮಲಗುತ್ತೇನೆ. ನಮ್ಮ ಬೀದಿಯ ಮೇಲೆ ಒಂದು ವಿಮಾನವೂ ಹಾರುವುದಿಲ್ಲ. ಬೆಳಿಗ್ಗೆ ಫೋನು ನೋಡಿದರೆ, ರಾತ್ರಿಯಿಡೀ ಹೊರಳಾಡಿದ್ದೇನೆ. ಈ ಒಂದು ಅಳತೆ ಮಾತ್ರ ಸರಿಯಾಗಿದೆ. ಇದನ್ನು ಕೇಳಿದವರು ಯಾರೂ ಇಲ್ಲ.