ನಾನು ತಂಬೂರಿ ಸ್ವಚ್ಛ ಮಾಡಿದ್ದು

ನಮ್ಮ ಮನೆ ಕೊನೆಯ ಸಲ ಸಾಧಾರಣ ಮನೆಯಂತೆ ಇದ್ದದ್ದು ಅರವತ್ತೊಂದನೆಯ ಇಸವಿಯ ಶ್ರಾವಣದ ಒಂದು ರವಿವಾರ. ಹುಬ್ಬಳ್ಳಿಯ ಬೆಂಗೇರಿಯ ಬಾಡಿಗೆ ಮನೆಯಲ್ಲಿ ನನ್ನ ಹೆಂಡತಿ ಸುಮಿತ್ರಾ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದಳು. ನಾನು ಪೇಪರಿನ ಹಿಂದೆ ಕೂತು ಏನೂ ಮಾಡದೆ ಇದ್ದೆ. ಒಂಬತ್ತು ವರ್ಷದ ಶಾಂತಾ, ಏಳು ವರ್ಷದ ರಘು ಇಬ್ಬರೂ ತಾಟು ಬಡಿಯುತ್ತ ತಮ್ಮದೇ ಯಾವುದೋ ಹಾಡು ಹಾಡುತ್ತಿದ್ದರು.

"ಕೇಳಿದ್ರೇನು? ಹುಡುಗೂರಿಗೆ ದನಿ ಅದ," ಎಂದಳು ಸುಮಿತ್ರಾ.

"ಅದ, ಅದ. ಇಡೀ ಓಣಿಗೆ ಕೇಳಸ್ತದ."

"ಚಾಷ್ಟಿ ಬ್ಯಾಡ್ರಿ. ನಂದು ಮದವಿಗೆ ನಿಂತು ಹೋತು. ಇವರದು ನಿಲ್ಲಬಾರದು."

ತವರಿನಲ್ಲಿ ಆಕೆ ನಾಲ್ಕು ವರ್ಷ ಸಂಗೀತ ಕಲಿತಿದ್ದಳು. ಮದುವೆಯಲ್ಲಿ ಆಕೆಯ ಜೊತೆಗೆ ಒಂದು ತಂಬೂರಿಯೂ ಬಂದಿತ್ತು. ಹಳೆಯ ಸೀರೆ ಸುತ್ತಿಕೊಂಡು ಹನ್ನೊಂದು ವರ್ಷದಿಂದ ಅದು ಅಟ್ಟದ ಮೇಲೆ ಮಲಗಿತ್ತು.

"ಇಷ್ಟ ಅಲ್ಲೇನು? ನಾ ಮಾಡ್ತೇನಿ ಬಿಡು," ಎಂದೆ. ಮುಂದಿನ ಅನಾಹುತಗಳೆಲ್ಲ ಈ ಒಂದು ಮಾತಿನಿಂದ ಹುಟ್ಟಿದವು.

ನಾನು ಸರಕಾರಿ ಗುಮಾಸ್ತ. ಜಗತ್ತಿನ ಯಾವ ಕೆಲಸವೂ ಅರ್ಜಿಯಿಂದಲೇ ಶುರುವಾಗುತ್ತದೆ ಎಂಬುದು ನನ್ನ ನಂಬಿಕೆ. ಧಾರವಾಡದಲ್ಲಿ ಒಬ್ಬ ಹಿರಿಯ ಗವಾಯಿಗಳಿದ್ದರು. ಎಲ್ಲರನ್ನೂ ತೆಗೆದುಕೊಳ್ಳುವವರಲ್ಲ, ದನಿ ಕೇಳಿಯೇ ಶಿಷ್ಯರನ್ನು ಆರಿಸುವವರು. ಸೋಮವಾರ ಅರ್ಧ ದಿನ ರಜೆ ಹಾಕಿ ಅವರ ಮುಂದೆ ನನ್ನ ಕಾಗದ ಇಟ್ಟೆ: "ಮಾನ್ಯರೇ, ಕೆಳಗೆ ಸಹಿ ಮಾಡಿದವನ ವಿನಂತಿ ಏನಂದರೆ, ಮೇಲ್ಕಾಣಿಸಿದ ಇಬ್ಬರು ಮಕ್ಕಳಿಗೆ ಸಂಗೀತವನ್ನು ಆದಷ್ಟು ಬೇಗ ಮಂಜೂರು ಮಾಡಬೇಕು." ಎರಡು ಪ್ರತಿ!

ಗವಾಯಿಗಳು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು. "ಅಕ್ಷರ ಭಾಳ ಛಲೋ ಅವ. ಹುಡುಗೂರು ಎಲ್ಲಿ?"

ಹುಡುಗರು ಹುಬ್ಬಳ್ಳಿಯಲ್ಲಿದ್ದರು! ಕರೆದುಕೊಂಡು ಬರಬೇಕು ಎಂಬುದು ನನಗೆ ಹೊಳೆದೇ ಇರಲಿಲ್ಲ. ಮುಜುಗರ ಮುಚ್ಚಲು ಇನ್ನೊಂದು ಪ್ರಶ್ನೆ ಕೇಳಿದೆ. "ಇದು ಎಷ್ಟು ತಿಂಗಳಿಗೆ ಮುಗೀತದ್ರಿ?"

"ನಾ ಐವತ್ತು ವರ್ಷದಿಂದ ಕಲಿಯಾಕತ್ತೇನಿ," ಎಂದರು ಗವಾಯಿಗಳು. "ಮುಗದ ದಿವಸ ಹೇಳಿ ಕಳಸ್ತೇನಿ."

ಬಾಗಿಲ ತನಕ ಬಂದು ಅವರು ಹೇಳಿದ್ದಿಷ್ಟು: "ಗುರುವಾರ ಹುಡುಗೂರ್ನ ಕರಕೊಂಡು ಬರ್ರಿ. ತಂಬೂರಿ ಇದ್ರ ತರ್ರಿ. ಶುಕ್ರವಾರ ನಾ ಊರಿಗೆ ಹೊಂಟೇನಿ. ಆಮ್ಯಾಲೆ ಈ ವರ್ಷ ಹೊಸಬರನ್ನ ತೊಗೊಳ್ಳೂದಿಲ್ಲ."

ಅಂದರೆ ಇದ್ದದ್ದು ಒಂದೇ ಗುರುವಾರ. ಇದನ್ನು ಕೇಳಿ ಸುಮಿತ್ರಾ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ.

ಮಂಗಳವಾರ ಸಂಜೆ ಆಕೆ ಮಂಗಳಗೌರಿಯ ಅರಿಶಿನ ಕುಂಕುಮಕ್ಕೆಂದು ಹೊರಗೆ ಹೋಗಿದ್ದಳು. ಆಕೆಯನ್ನು ಆಶ್ಚರ್ಯಪಡಿಸೋಣವೆಂದು ತಂಬೂರಿ ಇಳಿಸಿ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದೆ. ತಂತಿಗಳು ಹಾಯ್ದುಹೋಗುವ ಎಲುಬಿನ ಪಟ್ಟಿಯ ಮೇಲೆ, ಒಂದೊಂದು ತಂತಿಯ ಕೆಳಗೂ ಒಂದೊಂದು ದಾರದ ಎಳೆ ಸಿಕ್ಕಿಕೊಂಡಿತ್ತು. ಹನ್ನೊಂದು ವರ್ಷದ ಕಸ! ಚಿಮಟದಿಂದ ನಾಲ್ಕನ್ನೂ ನಾಜೂಕಾಗಿ ಕಿತ್ತು ಕಿಟಕಿಯಿಂದ ಒಗೆದೆ.

"ಅಯ್ಯ, ಹೆಂಗ ಹೊಳಿಯಾಕತ್ತದಲ್ರಿ!" ಎಂದಳು ಸುಮಿತ್ರಾ, ಬಂದವಳೇ. ತಂಬೂರಿಯ ಬೆನ್ನು ಸವರಿದಳು. ತಂತಿ ಮಾತ್ರ ಮುಟ್ಟಲಿಲ್ಲ. "ಗುರುಗಳೇ ಮುಟ್ಟಲಿ. ನನಗ ಎಲ್ಲಾ ಮರತು ಹೋಗ್ಯದ."

ಗುರುವಾರ ನಾಲ್ವರೂ ಬಸ್ಸು ಹತ್ತಿದೆವು. ನಾನು ಮದುವೆಯ ರೇಷ್ಮೆ ಶಲ್ಯ ಹೊದ್ದಿದ್ದೆ. ಸೀರೆ ಸುತ್ತಿದ ತಂಬೂರಿ ನನ್ನ ತೊಡೆಯ ಮೇಲಿತ್ತು. ನವಲೂರಿನಲ್ಲಿ ಹತ್ತಿದ ಪೇರಲಹಣ್ಣಿನ ಅಜ್ಜಿ ಅದನ್ನು ತಟ್ಟಿ ನೋಡಿ, "ಯಪ್ಪಾ, ಇಷ್ಟು ದೊಡ್ಡ ಕುಂಬಳಕಾಯಿ ಯಾವ ಹೊಲದ್ದು?" ಎಂದಳು. ಮಕ್ಕಳು ಧಾರವಾಡದ ತನಕ ನಕ್ಕರು.

ಗವಾಯಿಗಳು ತಂಬೂರಿ ಹಿಡಿದು ಬೆರಳಾಡಿಸಿದರು. ಮುಚ್ಚಿದ ಡಬ್ಬಿ ಬಡಿದಂತೆ ಸಪ್ಪಳ ಬಂತು. ತಂತಿ ಬಿಗಿಯುವ ಕಿವಿ ತಿರುವಿ ಮತ್ತೆ ನುಡಿಸಿದರು. ಅದೇ ಡಬ್ಬಿ! ಸುಮಿತ್ರಾಳ ಮುಖ ಬಿಳಿಚಿತು.

"ಇದರೊಳಗಿನ ದಾರ ಏನಾದುವು?" ಎಂದರು ಗವಾಯಿಗಳು.

"ಕಸ ಏನ್ರಿ? ಎಲ್ಲಾ ತಗದೇನ್ರಿ," ಎಂದೆ ಹೆಮ್ಮೆಯಿಂದ. "ಒಂದೂ ಬಿಟ್ಟಿಲ್ಲ!"

ಸುಮಿತ್ರಾ ನೆಲ ನೋಡುತ್ತ ಮೆಲ್ಲಗೆ ಹೇಳಿದಳು. "ಆ ದಾರದಿಂದನ ರೀ ತಂಬೂರಿ ಗುಂಯ್ ಅನ್ನೂದು."

ಭೂಮಿ ಬಾಯಿ ಬಿಟ್ಟಿದ್ದರೆ ಒಳಗಿಳಿಯುತ್ತಿದ್ದೆ. ಅದು ಬಿಡಲಿಲ್ಲ. ಗವಾಯಿಗಳ ಕಣ್ಣು ನನ್ನ ಶಲ್ಯದ ಮೇಲೆ ಬಿತ್ತು. "ದಾರ ನನ್ನ ಹತ್ತರನೂ ಅದ. ಆದರ ತಗದಾವರ ಕೊಡಬೇಕು. ಬರ್ರಿ ಹಿಂಗ." ಶಲ್ಯದ ಅಂಚಿನಿಂದ ನಾಲ್ಕು ಎಳೆ ಎಳೆದರು. ನಾಲ್ಕರ ಹಿಂದೆ ನಲವತ್ತು ಬಂದವು! ಒಂದೊಂದೇ ಎಳೆ ತಂತಿಯ ಕೆಳಗೆ ಕೂಡಿಸುತ್ತ, ಕೂದಲಿನಷ್ಟು ಅತ್ತ ಇತ್ತ ಸರಿಸುತ್ತ ಬಂದರು. ಆಮೇಲೆ ನುಡಿಸಿದಾಗ ಕೋಣೆ ತುಂಬಿತು. ಸುಮಿತ್ರಾ ಸೆರಗು ಕಣ್ಣಿಗೆ ಒತ್ತಿಕೊಂಡಳು.

"ಹಾಡವ್ವ," ಎಂದರು ಶಾಂತಾಗೆ. ಶಾಂತಾ ಅವ್ವನ ಹಿಂದೆ ಅಡಗಿದಳು. ರಘು ತುಟಿ ಬಿಗಿದು ಕೂತ. ಗವಾಯಿಗಳು ಕಾದರು. ಹೊತ್ತು ಹೋಗುತ್ತಿತ್ತು. ಹೆಂಡತಿ ನನ್ನ ಕಡೆ ನೋಡಿದಳು. ಸುಮ್ಮನಿರಿ ಎಂಬ ಅರ್ಥ ಆ ನೋಟದಲ್ಲಿ ಇತ್ತೆಂದು ಈಗ ತಿಳಿಯುತ್ತದೆ. ನಾನು ಮಾತ್ರ, "ಹೆದರಬ್ಯಾಡ್ರೋ, ಇಷ್ಟ ಅದ ನೋಡ್ರಿ!" ಎಂದು ಎದೆಯುಬ್ಬಿಸಿ ಒಂದು 'ಸಾ' ಬಿಟ್ಟೆ.

ಗವಾಯಿಗಳು ತಂಬೂರಿ ನಿಲ್ಲಿಸಿದರು. "ಇದನ್ನ ಎಲ್ಲಿಂದ ತಂದ್ರಿ? ಅಲ್ಲೇ ಇಟ್ಟು ಬರ್ರಿ."

ಮಕ್ಕಳು ಬಿದ್ದು ಬಿದ್ದು ನಕ್ಕರು. ನಕ್ಕ ಬಾಯಿ ತೆರೆದೇ ಇತ್ತು. ಗವಾಯಿಗಳು ತಂಬೂರಿ ಮೀಟಿ ಸ್ವರ ಕೊಟ್ಟರು, ಶಾಂತಾ ಹಿಡಿದಳು, ಹಿಂದೆಯೇ ರಘು ಹಿಡಿದ. ಮುದುಕರು ಬಹಳ ಹೊತ್ತು ಕಣ್ಣು ಮುಚ್ಚಿ ಕೇಳಿದರು.

"ತೊಗೋತೇನಿ," ಎಂದರು. "ಒಂದ ಷರತ್ತು. ಮುಂದ ಹುಡುಗೂರ್ನ ಅವರ ಅವ್ವ ಕರಕೊಂಡು ಬರಬೇಕು. ನೀವು ಬರಬ್ಯಾಡ್ರಿ."

ಹೀಗೆ ಸಂಗೀತ ಮಂಜೂರಾಯಿತು. ನನ್ನ ಅರ್ಜಿ ತಿರಸ್ಕೃತ!

ಆರು ವರ್ಷ ಗುರುವಾರಕ್ಕೊಮ್ಮೆ ಸುಮಿತ್ರಾ ಮಕ್ಕಳನ್ನು ಕರೆದುಕೊಂಡು ಹೋದಳು. ಕಟ್ಟೆಯ ಮೇಲೆ ಕೂತು ಹೂಬತ್ತಿ ಹೊಸೆಯುತ್ತಾಳೆ ಅಂದುಕೊಂಡಿದ್ದೆ. ಎರಡನೆಯ ಪಾಠಕ್ಕೇ ಗವಾಯಿಗಳು ಆಕೆಯನ್ನೂ ಒಳಗೆ ಕರೆದು ಕೂಡಿಸಿಕೊಂಡಿದ್ದರಂತೆ. ಇದನ್ನು ಬಾಯಿ ತಪ್ಪಿ ಹೇಳಿದವಳು ಶಾಂತಾ. ಮನೆಯಲ್ಲಿ ನಾನು ಕಚೇರಿಗೆ ಹೋದ ಮೇಲೆ ಆಕೆ ಅಭ್ಯಾಸ ಮಾಡುತ್ತಿದ್ದಳು. "ಅವರಿದ್ರ ತಾಳಾ ಹಾಕ್ತಾರ," ಎಂದು ಮಕ್ಕಳ ಮುಂದೆ ನಗುತ್ತಿದ್ದಳಂತೆ. ನಾನು ಗೊತ್ತಿಲ್ಲದವನಂತೆ ಇದ್ದೆ. ಒಂದು ದಿನ ತಾನಾಗಿ ಕೂತು ಹಾಡುತ್ತಾಳೆ, ಆಗ ಕೇಳೋಣ ಎಂದು ಕಾದೆ. ಇಂಥಾದ್ದರಲ್ಲಿ ಮಾತ್ರ ನನಗೆ ಅವಸರವಿರಲಿಲ್ಲ!

ಕಳೆದ ಮಾಘದಲ್ಲಿ ಎಂಟು ದಿನದ ಜ್ವರದಲ್ಲಿ ಸುಮಿತ್ರಾ ತೀರಿಕೊಂಡಳು.

ಈಗ ಗುರುವಾರ ಮಕ್ಕಳ ಜೊತೆ ನಾನು ಹೋಗುತ್ತೇನೆ. ಗವಾಯಿಗಳು ಷರತ್ತಿನ ಮಾತು ಎತ್ತುವುದಿಲ್ಲ. ಮೊನ್ನೆ ಶಾಂತಾ ಹಾಡಿ ಮುಗಿಸಿದಾಗ, "ಥೇಟ್ ಅವರವ್ವನ ಹಂಗ, ಹೌದಲ್ರಿ?" ಎಂದು ನನ್ನನ್ನು ಕೇಳಿದರು. ಹೌದೆಂದು ತಲೆಯಾಡಿಸಿದೆ. ಅದು ಸುಳ್ಳು. ಸುಮಿತ್ರಾ ತಂಬೂರಿ ಹಿಡಿದು ಹಾಡಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ.