ಇಪ್ಪತ್ತರ ಮೇಲೆ, ಎಂಬತ್ತರ ಒಳಗೆ

ಶಂಭುಲಿಂಗನ ಫೋನು ಆ ದಿನ ಬೆಳಿಗ್ಗೆ ನೂರಕ್ಕೆ ನೂರು ತುಂಬಿತ್ತು. ತೊಂದರೆ ಶುರುವಾದದ್ದೇ ಅಲ್ಲಿಂದ.

ಬೇರೆ ಯಾರಾದರೂ ಆಗಿದ್ದರೆ ಸಂತೋಷಪಟ್ಟು ಜೇಬಿಗೆ ಇಳಿಸಿ ಹೊರಟುಬಿಡುತ್ತಿದ್ದರು. ಶಂಭುಲಿಂಗ ಹಾಗೆ ಮಾಡುವಂತಿರಲಿಲ್ಲ. ತಿಂಗಳ ಹಿಂದೆ ಅವನ ಹಳೆಯ ಫೋನಿನ ಬ್ಯಾಟರಿ ಪೂರಿಯ ಹಾಗೆ ಉಬ್ಬಿ, ಹಿಂದಿನ ಮುಚ್ಚಳವನ್ನೇ ಎತ್ತಿ ಹಾಕಿತ್ತು. ಆಗ ಹೊಸ ಫೋನು ಕೊಡಿಸಿದವನು ಉಣಕಲ್ಲಿನಲ್ಲಿ ಅವನ ಪಕ್ಕದ ಮನೆಯ ನಿಜಾಮುದ್ದೀನ. ದುರ್ಗದಬೈಲಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ಫೋನಿನ ಜೊತೆಗೆ ಉಪದೇಶವನ್ನೂ ಪುಕ್ಕಟೆ ಕೊಟ್ಟಿದ್ದ.

"ನೋಡ್ರಿ ಶಂಭಣ್ಣಾ, ಬ್ಯಾಟರಿ ಅಂದ್ರ ಹೊಟ್ಟಿ ಇದ್ದಂಗ. ಇಪ್ಪತ್ತರ ಕೆಳಗ ಇಳೀಬಾರ್ದು, ಎಂಬತ್ತರ ಮ್ಯಾಲ ಏರಬಾರ್ದು. ಇಷ್ಟ ನೆನಪಿಟ್ರ ಐದು ವರ್ಷ ಬಾಳತೈತಿ. ಇಲ್ಲಂದ್ರ ಆರು ತಿಂಗಳಿಗೆ ಮತ್ತ ಉಬ್ಬತೈತಿ."

ಶಂಭುಲಿಂಗ ಅದನ್ನು ಚೀಟಿಯಲ್ಲಿ ಬರೆದು ಅಡುಗೆಮನೆಯ ಸ್ವಿಚ್‌ಬೋರ್ಡಿನ ಮೇಲೆ ಅಂಟಿಸಿದ್ದ. ಒಂದು ತಿಂಗಳು ತಪ್ಪದೆ ವ್ರತ ಪಾಲಿಸಿದ್ದ. ಇವತ್ತು ಹೆಂಡತಿ ರಜನಿ ಅದನ್ನು ಕೆಡಿಸಿಬಿಟ್ಟಿದ್ದಳು.

"ನೂರು ಮಾಡಿ ಇಟ್ಟೀಯಲ್ಲ!" ಎಂದು ಶಂಭುಲಿಂಗ ಫೋನನ್ನು ಜ್ವರ ಬಂದ ಕೂಸಿನ ಹಾಗೆ ಮುಟ್ಟಿ ನೋಡಿದ.

"ಇವತ್ತ ಸಾಹೇಬ್ರ ಫೋನ್ ಬರೂದೈತಿ ಅಂದವರು ನೀವ. ಅರ್ಧಮರ್ಧ ತುಂಬಿದ್ದು ಹಿಡ್ಕೊಂಡು ಹೋಗತಿದ್ರೇನು? ಹೊಟ್ಟಿ ತುಂಬ ಉಣ್ಣಿಸಿ ಕಳಸೂದು ತಪ್ಪಾತೇನ್ರಿ?"

ಸಾಹೇಬರ ಫೋನು ಬರುವುದಿತ್ತು, ಅದು ಖರೆ. ನವನಗರದ ಅವನ ಕಚೇರಿಯ ಸೂಪರಿಂಟೆಂಡೆಂಟರು ನಿನ್ನೆ ನಿವೃತ್ತರಾಗಿದ್ದರು. ಹೊಸಬರು ಬರುವವರೆಗೆ ಆ ಹುದ್ದೆಯ ಪ್ರಭಾರವನ್ನು ಒಬ್ಬರಿಗೆ ಒಪ್ಪಿಸಬೇಕು. ಹಿರಿತನದಲ್ಲಿ ಶಂಭುಲಿಂಗ ಮೊದಲಿನವನು. ಅವನು ಒಲ್ಲೆ ಎಂದರೆ ಎರಡನೆಯವನು ಸೌರಭ, ಇಪ್ಪತ್ತು ವರ್ಷ ಚಿಕ್ಕವನು. ಧಾರವಾಡದ ಸಾಹೇಬರು ನಾಲ್ಕು ಗಂಟೆಗೆ ಮೀಟಿಂಗ್ ಮುಗಿಸಿ ಕೇಳುತ್ತೇನೆ, ಇವತ್ತೇ ಆರ್ಡರ್ ಮಾಡಿ ಟೂರಿಗೆ ಹೋಗುತ್ತೇನೆ ಎಂದಿದ್ದರು. ಕಚೇರಿಯ ದೂರವಾಣಿ ಸತ್ತು ಮೂರು ವರ್ಷವಾಗಿತ್ತು.

ಶಂಭುಲಿಂಗನಿಗೆ ಆ ಹುದ್ದೆ ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದು ಅವನು ಯಾರಿಗೂ ಹೇಳಿರಲಿಲ್ಲ. ಇಪ್ಪತ್ತಾರು ವರ್ಷದಿಂದ ಅವನ ಮೇಜು ಹಾದಿಯಲ್ಲಿ, ಕುಡಿಯುವ ನೀರಿನ ಡ್ರಮ್ಮಿನ ಪಕ್ಕದಲ್ಲಿತ್ತು. ಸೂಪರಿಂಟೆಂಡೆಂಟರ ಕೋಣೆಗೆ ಬಾಗಿಲಿತ್ತು. ಬಾಗಿಲ ಮೇಲೆ ಹೆಸರಿನ ಫಲಕ ಹಾಕುವ ಎರಡು ಮೊಳೆಗಳಿದ್ದವು. ಅವನಿಗೆ ಇನ್ನು ಉಳಿದದ್ದು ಎಂಟೇ ತಿಂಗಳ ನೌಕರಿ. ಆ ಎಂಟು ತಿಂಗಳು ಬಾಗಿಲ ಒಳಗೆ ಕೂರಬೇಕೆಂದು ಅವನಿಗೆ ಬಹಳ ಆಸೆಯಿತ್ತು.

ಆದರೆ ಸದ್ಯಕ್ಕೆ ಫೋನನ್ನು ಎಂಬತ್ತಕ್ಕೆ ಇಳಿಸಬೇಕಾಗಿತ್ತು. ಮನೆಯಿಂದ ಹೊರಬೀಳುವಾಗಲೇ ಟಾರ್ಚ್ ಹೊತ್ತಿಸಿದ. ಪರದೆಯ ಬೆಳಕು ಪೂರ್ತಿ ಏರಿಸಿದ. ಬಸ್ಸಿನಲ್ಲಿ ಕೂತು ಯಾವುದೋ ವಿಡಿಯೊ ಹಚ್ಚಿದ. ಕಂಡಕ್ಟರ್ ಟಿಕೆಟ್ ಹರಿದು ಕೊಟ್ಟವನು ಟಾರ್ಚಿನ ಬೆಳಕಿಗೆ ಕಣ್ಣು ಕಿರಿದು ಮಾಡಿ, "ಯಜಮಾನ್ರ, ಹೊತ್ತು ಹೊಂಟು ಬೆಳಕಾಗೇತ್ರಿ," ಎಂದ.

"ಇಳಸಾಕತ್ತೇನಪ್ಪ, ಚಾರ್ಜ್ ಹೆಚ್ಚಾಗೇತಿ," ಎಂದ ಶಂಭುಲಿಂಗ.

ಪಕ್ಕದಲ್ಲಿ ಕೂತ ಕಾಲೇಜಿನ ಹುಡುಗಿ ಅಯ್ಯೋ ಪಾಪ ಎನ್ನುವಂತೆ ನೋಡಿ, "ಹಾಟ್‌ಸ್ಪಾಟ್ ಹಚ್ಚರಿ ಅಂಕಲ್, ಸರ್ರಂತ ಇಳೀತೈತಿ," ಎಂದು ತಾನೇ ಹಚ್ಚಿಕೊಟ್ಟಳು. ಸರ್ರಂತ ಅಲ್ಲದಿದ್ದರೂ ಇಳಿಯಿತು. ಕಚೇರಿಯ ಮೆಟ್ಟಿಲು ಹತ್ತುವಾಗ ಸರಿಯಾಗಿ ಎಂಬತ್ತು. ಶಂಭುಲಿಂಗ ವಿಡಿಯೊ ನಿಲ್ಲಿಸಿದ, ಟಾರ್ಚ್ ಆರಿಸಿದ, ಬೆಳಕು ಇಳಿಸಿದ. ಹಾಟ್‌ಸ್ಪಾಟ್ ಹಚ್ಚಿದ್ದು ಹುಡುಗಿಯಾದ್ದರಿಂದ ಅದನ್ನು ತೆಗೆಯುವುದು ಅವನ ನೆನಪಿಗೆ ಬರಲಿಲ್ಲ.

ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಫೋನು ತೆಗೆದು ನೋಡಿದರೆ ಹತ್ತೊಂಬತ್ತು. ಶಂಭುಲಿಂಗನ ಕೈಯಲ್ಲಿದ್ದ ರೊಟ್ಟಿ ಡಬ್ಬಿಗೆ ವಾಪಸ್ಸು ಬಿತ್ತು.

"ಏನಾತ್ರಿ ಸರ್?" ಎಂದ ಸೌರಭ, ತನ್ನ ಫೋನಿನ ಕ್ರಿಕೆಟ್ಟಿನಿಂದ ಕಣ್ಣು ತೆಗೆಯದೆ. ಅಷ್ಟರಲ್ಲೇ ಶಂಭುಲಿಂಗನಿಗೆ ಹಾಟ್‌ಸ್ಪಾಟ್ ನೆನಪಾಗಿ ತೆಗೆದ; ಸೌರಭನ ಆಟ ನಿಂತಿತು. "ಛೆ, ಹೋತಲ್ಲ! ಮುಂಜಾನಿಂದ ನೆಟ್ ಭಾಳ ಛಲೋ ಬರಾಕತ್ತಿತ್ತು. 'ಶಂಭು' ಅಂತ ಹೆಸರಿತ್ರಿ. ಬಾಜೂ ಗುಡಿಯವರದಿರಬೇಕು ಅನಕೊಂಡಿದ್ದೆ."

"ಗುಡಿಯವರದಲ್ಲೋ ಮಾರಾಯಾ, ನಂದು!"

ಸೌರಭನಿಗೆ ಪಾಪ, ಬಹಳ ನಾಚಿಕೆಯಾಯಿತು. ಪ್ರಾಯಶ್ಚಿತ್ತವೆಂಬಂತೆ ತನ್ನ ಚೀಲದಿಂದ ಇಟ್ಟಿಗೆಯಂಥ ಅಡಾಪ್ಟರ್ ತೆಗೆದ. "ನಂದು ಹಚ್ಚರಿ ಸರ್. ಅರವತ್ತೇಳು ವ್ಯಾಟಿಂದು. ಚಾ ಕುಡದು ಬರೂದ್ರಾಗ ಎಂಬತ್ತಾಗಿರತೈತಿ."

"ಬ್ಯಾಡ್ರಿ ಸರ್!" ಎಂದು ಕಂಪ್ಯೂಟರಿನ ಹಿಂದಿನಿಂದ ಶಾಯಿಸ್ತಾಳ ದನಿ ಬಂತು. ಅವಳು ಕಚೇರಿಯ ಟೈಪಿಂಗ್ ಕೆಲಸದವಳು. "ನಮ್ಮ ಕಾಕಾನ ಮಗ ಹಂಗ ದೊಡ್ಡದು ಹಚ್ಚಿ ಫೋನ್ ಕಾದು ಹೆಂಚಾಗಿತ್ತು. ಕಂಪ್ಯೂಟರಿಗೆ ಹಚ್ಚರಿ, ತಣ್ಣಗ ತುಂಬತೈತಿ. ವೈರ್ ನಾ ಕೊಡತೇನಿ."

"ಕಂಪ್ಯೂಟರಿಗೆ ಹಚ್ಚಿದ್ರ ಬರೂ ಸೋಮವಾರಕ್ಕ ತುಂಬತೈತಿ," ಎಂದ ಸೌರಭ.

"ಅವಸರ ಮಾಡಿ ಸುಡೂದಕ್ಕಿಂತ ಅದ ಛಲೋ."

ಇಬ್ಬರ ನಡುವೆ ಶಂಭುಲಿಂಗನ ತಲೆ ಬೀಸಣಿಕೆಯಂತೆ ಅತ್ತ ಇತ್ತ ತಿರುಗಿತು. ಕಡೆಗೆ ತೀರ್ಪಿಗೆಂದು ನಿಜಾಮುದ್ದೀನನಿಗೇ ಫೋನು ಹಚ್ಚಿದ.

"ಯಾರದೂ ಹಚ್ಚಬ್ಯಾಡ್ರಿ ಶಂಭಣ್ಣಾ!" ಎಂದು ನಿಜಾಮುದ್ದೀನ ಆ ಕಡೆಯಿಂದ ಒದರಿದ. "ಫೋನಿನ ಡಬ್ಬ್ಯಾಗ ಬಂದ ಅಡಾಪ್ಟರ್ ಬಿಟ್ರ ಬ್ಯಾರೇದು ಮುಟ್ಟಬ್ಯಾಡ್ರಿ!"

"ಡಬ್ಬ್ಯಾಗ ಅಡಾಪ್ಟರ್ ಎಲ್ಲಿತ್ತೋ? ಬರೇ ವೈರ್ ಇತ್ತು."

"ಹಾಂ, ಈಗಿನ ಡಬ್ಬ್ಯಾಗ ಅಡಾಪ್ಟರ್ ಇಡೂದಿಲ್ರಿ."

"ಮತ್ತ ಏನ್ ಹಚ್ಚಲಿ?"

"ಮತ್ತ... ಯಾವದರ ಒಂದು ಛಲೋದು ಹಚ್ಚರಿ. ಗಿರಾಕಿ ಬಂದಾರ, ಇಡತೇನಿ." ಈ ತೀರ್ಪಿಗೆ ಮೂರು ಪರ್ಸೆಂಟ್ ಖರ್ಚಾಗಿ ಫೋನು ಹದಿನಾರಕ್ಕೆ ಬಂದಿತ್ತು.

ಶಂಭುಲಿಂಗನಿಗೆ ಯಾರನ್ನು ನಂಬಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಕಸ ಗುಡಿಸಿ ನೀರು ತುಂಬುವ ದಾನವ್ವ ಹತ್ತಿರ ಬಂದಳು. "ರೆಕಾರ್ಡ್ ರೂಮಿನ್ಯಾಗ ನಂದೊಂದು ಹಳೇದೈತ್ರಿ ಸಾಹೇಬ್ರ. ಬಡವರದು, ಸಾವಕಾಶ ತುಂಬತೈತಿ, ಬಿಸಿ ಗಿಸಿ ಆಗೂದಿಲ್ಲ. ಫೋನ್ ಬಂದ್ ಮಾಡಿ ಹಚ್ಚರಿ, ಬ್ಯಾಟರಿಗೆ ತ್ರಾಸ ಆಗೂದಿಲ್ಲ. ಆದ್ರ ವೈರ್ ಅಷ್ಟ ಹಿಂಗ ಎತ್ತಿ ಹಿಡೀಬೇಕ್ರಿ. ಬಿಟ್ರ ಹೋತು."

ಸಾವಕಾಶ ಎಂಬ ಮಾತು ಶಂಭುಲಿಂಗನ ಮನಸ್ಸಿಗೆ ತಂಪೆನಿಸಿತು. ಗಂಟೆ ಒಂದೂವರೆ. ಸಾಹೇಬರ ಮೀಟಿಂಗ್ ಮುಗಿಯುವುದು ನಾಲ್ಕಕ್ಕೆ. ಲೆಕ್ಕ ಸರಿಹೋಗುತ್ತದೆ ಎಂದುಕೊಂಡು ಫೋನು ಬಂದ್ ಮಾಡಿ ರೆಕಾರ್ಡ್ ರೂಮು ಹೊಕ್ಕ.

ಮುಂದಿನ ಎರಡೂವರೆ ತಾಸು ಅವನು ಕಡತಗಳ ಗಂಟಿನ ನಡುವೆ, ಸಲೈನ್ ಬಾಟಲಿ ಹಿಡಿದವನಂತೆ ವೈರು ಎತ್ತಿ ಹಿಡಿದು ನಿಂತ. ನಿಂತಷ್ಟೇ ಆಗಿದ್ದರೆ ಪರವಾಗಿರಲಿಲ್ಲ; ಸಲಹೆಗಾರರು ಬಿಡಬೇಕಲ್ಲ! ಸೌರಭ ಬಾಗಿಲು ತೆರೆದು, "ಸರ್, ನನ್ನ ಅಡಾಪ್ಟರ್ ಇನ್ನೂ ಖಾಲೀನ ಐತ್ರಿ," ಎಂದ. ವೈರು ಜಾರಿತು. ಶಾಯಿಸ್ತಾ ಬಂದು, "ಕವರ್ ತೆಗೀರಿ ಸರ್, ಉಸಿರಾಡಲಿ," ಎಂದಳು. ಕವರ್ ತೆಗೆಯುವಾಗ ಮತ್ತೆ ಜಾರಿತು. ಯಾವುದೋ ದಾಖಲೆ ಕೇಳಿಕೊಂಡು ಬಂದ ಅಪರಿಚಿತ ಮನುಷ್ಯನೊಬ್ಬ ಕೂಡ ಇಣುಕಿ, "ಬೋರಲು ಇಡ್ರಿ, ನಮ್ಮನ್ಯಾಗ ಹಂಗ ಇಡತೇವಿ," ಎಂದು ಹೇಳಿ ತನ್ನ ಕೆಲಸಕ್ಕೆ ಹೋದ. ಪ್ರತಿ ಸಲವೂ ವೈರಿನ ಸರಿಯಾದ ಕೋನ ಹುಡುಕಲು ಐದು ನಿಮಿಷ ಬೇಕಾಗುತ್ತಿತ್ತು. ಮೂರು ಗಂಟೆಗೆ ಫೋನು ಐವತ್ತೆರಡು ಪರ್ಸೆಂಟ್. ಕೈ ಮರಗಟ್ಟಿತ್ತು. ಮೂಗಿನ ತುಂಬ ಧೂಳು. ಇನ್ನೊಬ್ಬರು ಬಾಯಿ ತೆರೆದರೆ ತಾನೇ ಸಿಡಿಯುತ್ತೇನೆ ಎಂದು ಅವನಿಗೆ ಅನಿಸತೊಡಗಿತು.

ಮೂರೂಕಾಲಿಗೆ ಬಾಗಿಲಾಚೆಯಿಂದ ಶಾಯಿಸ್ತಾ ಕೂಗಿದಳು: "ಸರ್, ಚಾರ್ಜ್ ತಗೋತೀರೇನ್ರೀ? ಲಗೂ ಹೇಳ್ರಿ!"

"ಬ್ಯಾಡವಾ ತಾಯಿ, ಬ್ಯಾಡ!" ಶಂಭುಲಿಂಗ ಇದ್ದಷ್ಟೂ ಗಂಟಲು ತೆರೆದ. "ನನಗ ಯಾರ ಚಾರ್ಜೂ ಬ್ಯಾಡ! ಮುಂಜಾನಿಂದ ತಲಿ ತಿನ್ನಾಕತ್ತೀರಿ!"

"ಸರ್, ಇನ್ನೊಮ್ಮೆ ವಿಚಾರ ಮಾಡಿ ಹೇಳ್ರಿ..."

"ಏನ್ ವಿಚಾರ ಮಾಡೂದೈತಿ? ಕಂಡಕಂಡವರ ಚಾರ್ಜ್ ತಗೊಂಡ್ರ ಬಿಸಿ ಏರತೈತಿ, ಉಬ್ಬತೈತಿ, ಕಡೀಕ ಢಬ್ಬಂತ ಒಡೀತೈತಿ! ಆ ಸೌರಭಗ ಕೊಡು, ಅವಂಗ ಲಗೂಲಗೂ ಏರೂ ಹುಚ್ಚೈತಿ!"

ಬಾಗಿಲಾಚೆಯಿಂದ ಬಹಳ ಮೆಲ್ಲಗೆ, "ಆತ್ರಿ ಸರ್," ಎಂಬ ಮಾತು ಕೇಳಿತು.

ಅದಾದ ಮೇಲೆ ಯಾರೂ ಬರಲಿಲ್ಲ. ಎಂಥ ನೆಮ್ಮದಿ! ಮೊದಲೇ ಒಮ್ಮೆ ಗದರಿಸಿದ್ದರೆ ಚೆನ್ನಾಗಿತ್ತು ಎಂದುಕೊಂಡ ಶಂಭುಲಿಂಗ. ಮೇಲಧಿಕಾರಿ ಆಗುವವನಿಗೆ ಅಷ್ಟಾದರೂ ಗತ್ತು ಬೇಕು. ನಾಲ್ಕು ಗಂಟೆ ಐದು ನಿಮಿಷಕ್ಕೆ ಫೋನು ಎಂಬತ್ತು ಮುಟ್ಟಿತು. ವೈರು ಕಿತ್ತು, ಫೋನು ಚಾಲೂ ಮಾಡಿ, ಕೂದಲಿನ ಧೂಳು ಕೊಡವಿಕೊಂಡು ತನ್ನ ಮೇಜಿಗೆ ಬಂದು ಕೂತ.

ನಾಲ್ಕೂವರೆ ಆಯಿತು. ಫೋನು ಬರಲಿಲ್ಲ. ಐದಾಯಿತು. ಶಾಯಿಸ್ತಾ ಅವನನ್ನು ನೋಡಿ ಕಣ್ಣು ತಪ್ಪಿಸಿದಳು. ಶಂಭುಲಿಂಗ ಧೈರ್ಯ ಮಾಡಿ ತಾನೇ ಧಾರವಾಡಕ್ಕೆ ಫೋನು ಹಚ್ಚಿದ.

"ಸರ್, ನಮಸ್ಕಾರ್ರಿ. ತಮ್ಮ ಫೋನ್ ಬರತೈತಿ ಅಂತ ಕಾಯಾಕತ್ತಿದ್ದೆ."

"ಮತ್ತೇನ್ ಬಾಕಿ ಉಳದೈತ್ರಿ ಕಾಯಾಕ?" ಎಂದರು ಸಾಹೇಬರು. "ಮೀಟಿಂಗ್ ಲಗೂ ಮುಗೀತು. ನಿಮ್ಮ ಫೋನ್ ಹತ್ತಲಿಲ್ಲ. ಶಾಯಿಸ್ತಾಗ ಹಚ್ಚಿ, ಚಾರ್ಜ್ ತಗೋತಾರೇನು ಕೇಳವಾ ಅಂದೆ. ಫೋನ್ ಕಿವಿಗೆ ಹಿಡ್ಕೊಂಡ ಬಾಗಲಕ್ಕ ಬಂದು ಕೇಳಿದ್ಲು. ನಿಮ್ಮ ಉತ್ತರ ನನಗ ಸ್ವಚ್ಛ ಕೇಳಿಸ್ತು."

ಪ್ರಭಾರ ಎಂಬುದು ಆರ್ಡರಿನ ಹಾಳೆಯ ಮೇಲಿನ ಮಾತು. ಕಚೇರಿಯಲ್ಲಿ ಇಪ್ಪತ್ತಾರು ವರ್ಷದಿಂದ ಎಲ್ಲರ ಬಾಯಲ್ಲೂ, ಶಂಭುಲಿಂಗನ ಬಾಯಲ್ಲೂ, ಅದು ಚಾರ್ಜು. ಚಾರ್ಜ್ ಕೊಟ್ಟರು, ಚಾರ್ಜ್ ತಗೊಂಡರು. ಇವತ್ತೊಂದು ದಿನ ಆ ಮಾತಿಗೆ ವೈರು ಬಿಟ್ಟು ಬೇರೆ ಅರ್ಥ ಅವನಿಗೆ ಹೊಳೆದಿರಲಿಲ್ಲ.

"ಸರ್, ನಾ ಹೇಳಿದ್ದು ಬ್ಯಾಟರಿಗೆ..."

"ಓ, ನನಗ ಬ್ಯಾಟರಿ ಅಂತನೂ ಬೈದ್ರೇನು? ಚಾರ್ಜ್ ತಗೊಂಡವರು ಉಬ್ಬಿ ಒಡೀತಾರ ಅಂದದ್ದಷ್ಟ ಕೇಳಿಸಿತ್ತು. ಶಂಭುಲಿಂಗಾರ, ನಾನೂ ಇಲ್ಲೆ ಎರಡು ವರ್ಷದಿಂದ ಇನ್‌ಚಾರ್ಜ್ ಆಗೇ ಅದೀನ್ರಿ." ಸಾಹೇಬರು ಉಸಿರು ಬಿಟ್ಟರು. "ಇರಲಿ. ಸೌರಭಗ ಕೊಡ್ರಿ ಅಂದ್ರಲ್ಲ, ಆ ದೊಡ್ಡ ಮನಸ್ಸು ಮೆಚ್ಚಿದೆ. ಆರ್ಡರಿಗೆ ಸಹಿ ಮಾಡೇನಿ. ಟೂರಿಗೆ ಹೊಂಟೇನಿ, ಇಡ್ಲಾ?"

ಶಂಭುಲಿಂಗ ತಲೆ ಎತ್ತಿದರೆ ಎದುರಿಗೆ ಸೌರಭ. ಕಣ್ಣು ತುಂಬಿಕೊಂಡು ನಿಂತವನು ಬಗ್ಗಿ ಕಾಲು ಮುಟ್ಟಿಯೇ ಬಿಟ್ಟ. "ಸರ್, ನೀವ ನನ್ನ ಹೆಸರು ಹೇಳಿದ್ರಂತ. ಸ್ವಂತ ಅಣ್ಣನೂ ಹಿಂಗ ಮಾಡೂದಿಲ್ರಿ." ಶಂಭುಲಿಂಗ ಅವನ ತಲೆಯ ಮೇಲೆ ಕೈಯಿಟ್ಟ. ಅಳಬೇಕೋ ಆಶೀರ್ವಾದ ಮಾಡಬೇಕೋ ಗೊತ್ತಾಗದೆ ಕೈ ಅಲ್ಲೇ ಉಳಿಯಿತು. ಸೌರಭ ಎದ್ದು ಬಾಗಿಲಿದ್ದ ಕೋಣೆಯೊಳಗೆ ಹೋದ.

ಆಗ ಫೋನು ಬಡಿದುಕೊಂಡಿತು. ರಜನಿ.

"ಏನ್ರೀ, ಚಾರ್ಜ್ ಆತೇನ್ರಿ?"

ಶಂಭುಲಿಂಗ ಈ ಸಲ ಎಚ್ಚರಿಕೆಯಿಂದ ಇದ್ದ. "ಯಾವ ಚಾರ್ಜ್?" ಎಂದು ಕೇಳಿದ.

"ಅಯ್ಯ, ನಿಮ್ಮ ಹತ್ರ ಎಷ್ಟ ಅದಾವ? ಆತೋ ಇಲ್ಲೋ ಅಷ್ಟ ಹೇಳ್ರಿ."

ಬೆಳಿಗ್ಗೆಯ ಜಗಳ ನೆನಪಾಯಿತು. ಫೋನಿನ ಚಿಂತೆಯೇ ಇರಬೇಕು, ಹುದ್ದೆಯದಾದರೆ ಹುದ್ದೆ ಎಂದೇ ಕೇಳುತ್ತಿದ್ದಳು ಎಂದುಕೊಂಡ. ಪರದೆಯತ್ತ ನೋಡಿ, ಸೋತ ದನಿಯಲ್ಲಿ, "ಆತು, ನಾಕಕ್ಕ ಆತು," ಎಂದ.

"ನಜ್ಮಾ ಬಾಬೀ!" ಎಂದು ರಜನಿ ನಿಜಾಮುದ್ದೀನನ ಹೆಂಡತಿಯನ್ನು ಕೂಗಿದ್ದು ಉಣಕಲ್ಲಿನಿಂದ ನವನಗರಕ್ಕೆ ಫೋನಿಲ್ಲದೆಯೂ ಕೇಳುವಂತಿತ್ತು. "ಆತಂತ್ರಿ! ಇವರು ಸೂಪರಿಂಟೆಂಡೆಂಟ್ ಆದ್ರಂತ!"

"ರಜನಿ! ಅದಲ್ಲ, ಕೇಳಿಲ್ಲೆ..." ಎನ್ನುವಷ್ಟರಲ್ಲಿ ಫೋನು ಇಟ್ಟಾಗಿತ್ತು. ಮತ್ತೆ ಹಚ್ಚಿದ. ಎಂಗೇಜ್. ಮತ್ತೆ ಹಚ್ಚಿದ, ಎಂಗೇಜ್. ಮೂರನೆಯ ಸಲ ಹಚ್ಚುವ ಮೊದಲೇ ನಿಜಾಮುದ್ದೀನನ ಕರೆ ಬಂತು.

"ಮುಬಾರಕ್ ಶಂಭಣ್ಣಾ! ಅಂಗಡಿ ಲಗೂ ಮುಚ್ಚಿ ಹಾರ ತಗೊಂಡು ಬರಾಕತ್ತೇನಿ. ನೋಡ್ರಿ, ಫೋನಿನ ಚಾರ್ಜ್ ಬರೋಬ್ಬರಿ ಇಟ್ಕೊಂಡಿದ್ದಕ್ಕ ಈ ಚಾರ್ಜ್ ಸಿಕ್ತು!"

ಅವನು ಇಡುವುದರೊಳಗೆ ಧಾರವಾಡದ ಷಡ್ಡಕನ ಕರೆ: ಪೇಡೆ ಕಟ್ಟಿಸಿಕೊಂಡು ಬಸ್ ಹತ್ತಿದ್ದಾನಂತೆ. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಫೋನು ಮೇಜಿನ ಮೇಲೆ ನಡುಗುತ್ತ ಅಂಚಿನತ್ತ ಸರಿಯತೊಡಗಿತು. ಒಂದು ಕರೆ ಎಂದು ಮುಂಜಾನೆಯಿಂದ ಅದರ ಜೀವ ಕಾಯ್ದಿದ್ದ ಶಂಭುಲಿಂಗ ಅದನ್ನು ಕೈಗೆತ್ತಿಕೊಂಡು, ಬದಿಯ ಗುಂಡಿ ಒತ್ತಿ ಹಿಡಿದು, ತಾನೇ ಬಂದ್ ಮಾಡಿದ.