ಸುಣ್ಣದಕಲ್ಲಿನ ಪ್ರಶ್ನೆಗೆ ನಾನು ಕೊಟ್ಟ ಉತ್ತರ

ಈ ವಿಷಯವನ್ನು ಹೇಳಬೇಕು ಅಂದುಕೊಂಡು ಮೂರು ವರ್ಷವಾಯಿತು. ಮೊದಲನೇ ವರ್ಷ ಹಲ್ಲು ಕಟ್ಟಿಸಿಕೊಳ್ಳುತ್ತಿದ್ದೆ. ಹೊಸ ಹಲ್ಲು ಸರಿಯಾಗಿ ಕೂರುವವರೆಗೆ ತಪ್ಪೊಪ್ಪಿಗೆ ಸ್ಪಷ್ಟವಾಗಿ ಬರುವುದಿಲ್ಲ ಅಂತ ಸುಮ್ಮನಾದೆ. ಎರಡನೇ ವರ್ಷ ಕಣ್ಣಿನ ಪೊರೆ ತೆಗೆಸಿದರು. ಡಾಕ್ಟರು ಬಗ್ಗಬೇಡಿ, ಭಾರ ಎತ್ತಬೇಡಿ, ಮನಸ್ಸಿಗೆ ಏನೂ ಹಚ್ಚಿಕೊಳ್ಳಬೇಡಿ ಅಂದರು. ಮೊದಲ ಎರಡನ್ನು ಮರೆತೆ, ಮೂರನೆಯದನ್ನು ಚಾಚೂ ತಪ್ಪದೆ ಪಾಲಿಸಿದೆ. ಮೂರನೇ ವರ್ಷ ಯಾವ ಕಾಯಿಲೆಯೂ ಬರಲಿಲ್ಲ. ನೆಪ ಹುಡುಕಲು ಸ್ವಲ್ಪ ಕಷ್ಟವಾಗಿದ್ದು ಆಗ ಮಾತ್ರ. ನನ್ನ ವಯಸ್ಸಿನವರು ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತು ಏನು ಬೇಕಾದರೂ ಒಪ್ಪಿಕೊಳ್ಳುತ್ತೇವೆ. ರಕ್ತದಲ್ಲಿ ಸಕ್ಕರೆ ಎಷ್ಟಿದೆ, ಹೊಟ್ಟೆ ಯಾವಾಗ ಕಟ್ಟುತ್ತದೆ, ಯಾರ ಮದುವೆಯಲ್ಲಿ ಎಷ್ಟು ಹೋಳಿಗೆ ಕದ್ದು ತಿಂದೆವು, ಎಲ್ಲ. ಆದರೆ 'ನನಗೆ ಗೊತ್ತಿರಲಿಲ್ಲ, ಗೊತ್ತಿದ್ದವನ ಹಾಗೆ ಮಾತಾಡಿಬಿಟ್ಟೆ' ಅಂತ ಒಪ್ಪಿಕೊಂಡ ಒಬ್ಬ ಮುದುಕನನ್ನೂ ನಾನು ಇದುವರೆಗೆ ಕಂಡಿಲ್ಲ. ಕನ್ನಡಿಯಲ್ಲಂತೂ ಕಂಡೇ ಇಲ್ಲ.

ನನ್ನ ಓದು ಎಸ್ಸೆಸ್ಸೆಲ್ಸಿ. ಪಾಸಾದ ಮರುವರ್ಷವೇ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಸೇರಿ ಮೂವತ್ತನಾಲ್ಕು ವರ್ಷ ದುಡಿದೆ. ಇಷ್ಟು ಹೇಳಿ ನಿಲ್ಲಿಸಿದರೆ ಕೇಳಿದವರ ಕಣ್ಣಲ್ಲಿ ಒಂದು ಚಿತ್ರ ಬರುತ್ತದೆ: ಕೆಂಪಗೆ ಉರಿಯುವ ಕುಲುಮೆ, ಅದರ ಮುಂದೆ ಬೆವರು ಒರೆಸಿಕೊಳ್ಳುತ್ತಾ ನಾನು. ಆದ್ದರಿಂದ ನಾನು ಯಾವಾಗಲೂ ಅಷ್ಟು ಹೇಳಿ ನಿಲ್ಲಿಸುತ್ತಿದ್ದೆ. ನಿಜವಾಗಿ ನಾನಿದ್ದದ್ದು ಟೈಮ್ ಆಫೀಸಿನಲ್ಲಿ. ಗೇಟಿನ ಪಕ್ಕದ ಕೋಣೆ, ತಲೆಯ ಮೇಲೆ ಫ್ಯಾನು, ಮುಂದೆ ಹಾಜರಿ ಕಾರ್ಡುಗಳ ಪೆಟ್ಟಿಗೆ. ಐದು ನಿಮಿಷ ತಡವಾಗಿ ಬಂದವನ ಕಾರ್ಡಿನ ಮೇಲೆ ಕೆಂಪು ಸೀಲು ಒತ್ತುವುದು ನನ್ನ ಕೆಲಸ. ನನ್ನ ಮುಂದೆ ನಿಂತವರು ಬೆವರುತ್ತಿದ್ದದ್ದು ನಿಜ, ಅದಕ್ಕೆ ಕುಲುಮೆ ಬೇಕಾಗಿರಲಿಲ್ಲ. ಹೆಣ್ಣು ನೋಡಲು ಹೋದಾಗ ಮಾವನವರು ಏನು ಕೆಲಸ ಅಂತ ಕೇಳಿದರು, ಕಬ್ಬಿಣದ ಕೆಲಸ ಅಂದೆ. ಕಾರ್ಡಿನ ಪೆಟ್ಟಿಗೆ ಕಬ್ಬಿಣದ್ದೇ ಆಗಿತ್ತು. ಅಲ್ಲಿಂದ ಶುರುವಾದದ್ದು ಬೆಳೆಯುತ್ತಾ ಹೋಯಿತು. ಕ್ಯಾಂಟೀನಿನಲ್ಲಿ ಬಿಸಿ ಚಹಾ ಚೆಲ್ಲಿ ಆದ ಮೊಣಕೈಯ ಕಲೆ, ಮಗ ಹುಟ್ಟುವ ಹೊತ್ತಿಗೆ ಕರಗಿದ ಕಬ್ಬಿಣ ಸಿಡಿದು ಆದ ಕಲೆಯಾಗಿತ್ತು. ನನ್ನ ಹೆಂಡತಿಗೆ ಎಲ್ಲ ಗೊತ್ತಿತ್ತು. ಅವಳು ಹೋಗುವವರೆಗೂ ನನ್ನ ಗುಟ್ಟು ಕಾಪಾಡಿದಳು, ಮಧ್ಯೆ ಮಧ್ಯೆ 'ಇವತ್ತು ಚಹಾ ಜೋಪಾನ' ಅನ್ನುತ್ತಿದ್ದದ್ದು ಬಿಟ್ಟರೆ.

ನಿವೃತ್ತಿಯಾದ ಮೇಲೆ ಶಿವಮೊಗ್ಗದ ರವೀಂದ್ರನಗರದಲ್ಲಿ ಮಗ ರೇಣುಕನ ಜೊತೆ ಇದ್ದೇನೆ. ಅವನಿಗೆ ಮಾಚೇನಹಳ್ಳಿಯಲ್ಲಿ ಎರಡು ಲೇತು ಮಷೀನಿನ ಒಂದು ವರ್ಕ್‌ಶಾಪು. ಸೊಸೆ ಸುಮಂಗಲಾ, ಮೊದಲು ಒಂದು ಶಾಲೆಯಲ್ಲಿ ಟೀಚರಾಗಿದ್ದವಳು. ಅವರ ಒಬ್ಬಳೇ ಮಗಳು ದಾಕ್ಷಿ. ನಾನು ಹೇಳುತ್ತಿರುವ ಬೇಸಿಗೆಯಲ್ಲಿ ಅವಳಿಗೆ ಹತ್ತು ವರ್ಷ. ಅದರ ಹಿಂದಿನ ವರ್ಷ ಶಾಲೆ ಶುರುವಾದಾಗಿನಿಂದ ದಾಕ್ಷಿ ಪ್ರತಿ ಸೋಮವಾರ ಬೆಳಿಗ್ಗೆ ಶಾಲೆಯ ಟೈ ಕಟ್ಟಿಕೊಳ್ಳುವ ಹೊತ್ತಿಗೆ ವಾಂತಿ ಮಾಡುತ್ತಿದ್ದಳು. ಡಾಕ್ಟರು ಹೊಟ್ಟೆ ನೋಡಿದರು, ಏನೂ ಇಲ್ಲ ಅಂದರು. ಸುಮಂಗಲಾ ನೋಟ್‌ಬುಕ್ಕು ನೋಡಿದಳು. ಕ್ಲಾಸಿನಲ್ಲಿ ಪ್ರಶ್ನೆ ಕೇಳಿದ್ದಕ್ಕೆ 'ಅಧಿಕಪ್ರಸಂಗ ಮಾಡುವುದಿಲ್ಲ' ಅಂತ ಐವತ್ತು ಸಲ ಬರೆಸಿದ್ದರು. ಮಾರನೆಯ ದಿನ ಸುಮಂಗಲಾ ತನ್ನ ಕೆಲಸ ಬಿಟ್ಟಳು, ಮಗಳ ಶಾಲೆಯನ್ನೂ ಬಿಡಿಸಿದಳು. ಮಗಳಿಗೆ ಮನೆಯಲ್ಲೇ ಪಾಠ ಹೇಳುತ್ತೇನೆ ಅಂದಳು. ವಾಂತಿ ನಿಂತುಹೋಯಿತು.

ನಿಲ್ಲದೆ ಇದ್ದದ್ದು ಜನರ ಬಾಯಿ. ಸವಳಂಗ ರಸ್ತೆಯಲ್ಲಿ ಮೊಮ್ಮಗಳ ಕೈ ಹಿಡಿದು ನಡೆದರೆ ಹೂವಿನವಳಿಂದ ಹಿಡಿದು ಟೈಲರ್‌ವರೆಗೆ ಎಲ್ಲರಿಗೂ ಯಾವ ಸ್ಕೂಲು ಅನ್ನುವುದೊಂದೇ ಚಿಂತೆ. ದಾಕ್ಷಿ ಧೈರ್ಯವಾಗಿ ಮನೆ ಸ್ಕೂಲು ಅನ್ನುತ್ತಿದ್ದಳು. ನಾನು ಹಿಂದಿನಿಂದ, ಈಗ ರಜೆ, ಅನ್ನುತ್ತಿದ್ದೆ. ನವೆಂಬರಿನಲ್ಲೂ ರಜೆ ಅಂದಾಗ ಟೈಲರು ಕತ್ತರಿ ಕೆಳಗಿಟ್ಟು ನನ್ನನ್ನು ನೋಡಿದ. ರೇಣುಕನಿಗೂ ಒಳಗೊಳಗೇ ಅಳುಕು. ಕೊನೆಗೆ ಗಂಡ ಹೆಂಡತಿ ಒಂದು ಒಪ್ಪಂದಕ್ಕೆ ಬಂದರು. ಈ ಬೇಸಿಗೆ ಮುಗಿಯುವವರೆಗೆ ಸುಮಂಗಲಾ ತನಗೆ ಸರಿಕಂಡ ಹಾಗೆ ಕಲಿಸಲಿ. ಮೇ ಕೊನೆಗೆ ಚನ್ನಬಸಪ್ಪ ಮೇಷ್ಟ್ರು ಬಂದು ಹುಡುಗಿಯನ್ನು ಮಾತಾಡಿಸಿ ನೋಡಲಿ. ಅವರು ಸೈ ಅಂದರೆ ಮನೆ ಪಾಠ ಮುಂದುವರಿಯುತ್ತದೆ, ಇಲ್ಲದಿದ್ದರೆ ಜೂನಿನಲ್ಲಿ ಮತ್ತೆ ಟೈ. ಚನ್ನಬಸಪ್ಪ ಅಂದರೆ ನನ್ನ ಹೆಂಡತಿಯ ತಮ್ಮ, ಭದ್ರಾವತಿಯಲ್ಲಿ ಹೆಡ್‌ಮಾಸ್ಟರಾಗಿ ರಿಟೈರಾದವರು. ರೇಣುಕ ಅವರ ಕೈಯಲ್ಲೇ ಓದಿದವನು. ನಲವತ್ತೆರಡು ವರ್ಷದ ಗಂಡಸು, ಈಗಲೂ ಅವರ ದನಿ ಕೇಳಿದರೆ ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳುತ್ತಾನೆ.

ಆ ಬೇಸಿಗೆಯಂಥ ಬೇಸಿಗೆಯನ್ನು ನಾನು ನೋಡಿರಲಿಲ್ಲ. ಭಿನ್ನರಾಶಿಯ ಪಾಠವೆಲ್ಲ ದೋಸೆಯ ಮೇಲೆ. ಎಂಟರಲ್ಲಿ ಮೂರು ಭಾಗ ತಾತನಿಗೆ ಅಂತ ಕೊಟ್ಟಾಗ ಅರ್ಧಕ್ಕಿಂತ ಕಡಿಮೆ ಅಂತ ನನಗೂ ಆವತ್ತೇ ಸರಿಯಾಗಿ ಅರ್ಥವಾದದ್ದು. ಅಂಗಡಿ ಬೋರ್ಡುಗಳ ತಪ್ಪು ಹುಡುಕುತ್ತಾ ಸವಳಂಗ ರಸ್ತೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುತ್ತಿದ್ದರು. ಭಾಗಾಕಾರ ಬಂದ ದಿನ ಪಾಯಸ, ಬೇವಿನ ಬೀಜ ಮೊಳಕೆಯೊಡೆದ ದಿನ ಕೇಸರಿಬಾತು. ಇನ್ನೊಂದು ಪದ್ಧತಿ ಇತ್ತು. ಬಿಸ್ಕತ್ತಿನ ಹಳೇ ಡಬ್ಬವೊಂದನ್ನು ನಡುಮನೆಯಲ್ಲಿ ಇಟ್ಟಿದ್ದರು. ವಾರವಿಡೀ ಯಾರಿಗೆ ಏನು ಗೊತ್ತಿಲ್ಲವೋ ಅದನ್ನು ಚೀಟಿಯಲ್ಲಿ ಬರೆದು ಅದರೊಳಗೆ ಹಾಕಬೇಕು. ಭಾನುವಾರ ತೆಗೆದು ಓದಿ ಎಲ್ಲರೂ ಸೇರಿ ಉತ್ತರ ಹುಡುಕುವುದು. ಯಾರ ಚೀಟಿ ಹೆಚ್ಚೋ ಅವರಿಗೆ ಚಪ್ಪಾಳೆ, ಅವರು ಹೇಳಿದ ಸಿಹಿ. ರೇಣುಕ ಕೂಡ, ಹಲ್ಲಿಯ ಬಾಲ ಬಿದ್ದ ಮೇಲೆ ಯಾಕೆ ಕುಣಿಯುತ್ತದೆ ಅಂತ ಹಾಕಿ ಒಮ್ಮೆ ಗೆದ್ದ. ಒಂದೇ ಒಂದು ಚೀಟಿಯನ್ನೂ ಹಾಕದವನು ನಾನು. ತಾತ, ನಿಮಗೆ ಗೊತ್ತಿಲ್ದೇ ಇರೋದು ಒಂದೂ ಇಲ್ವಾ ಅಂತ ದಾಕ್ಷಿ ಕೇಳಿದಳು. ಸದ್ಯಕ್ಕೆ ನೆನಪಾಗ್ತಿಲ್ಲ ಅಂದೆ.

ಮೇ ತಿಂಗಳ ಮಧ್ಯದಲ್ಲಿ ಭದ್ರಾವತಿಗೆ ಹೊರಟೆವು, ಸುಮಂಗಲಾ, ದಾಕ್ಷಿ, ನಾನು. ಪಾಠದ ವಿಷಯ ಕಬ್ಬಿಣ. ಕಬ್ಬಿಣಕ್ಕೆ ತಾತನಿಗಿಂತ ದೊಡ್ಡ ಪುಸ್ತಕ ಇನ್ನೊಂದಿಲ್ಲ ಅಂತ ಸುಮಂಗಲಾ ತಾನೇ ಹೇಳಿದಳು. ಬಸ್ಸು ಮಾಚೇನಹಳ್ಳಿ ದಾಟುವಾಗ ರೇಣುಕ ವರ್ಕ್‌ಶಾಪಿನ ಬಾಗಿಲಲ್ಲಿ ನಿಂತು ಕೈ ಬೀಸಿದ. ಭದ್ರಾವತಿಯಲ್ಲಿ ಸೇತುವೆ ದಾಟಿ, ಕಾರ್ಖಾನೆಯ ಕಾಂಪೌಂಡಿನ ಹೊರಗೆ ಒಂದು ಮರದ ನೆರಳಲ್ಲಿ ನಿಂತು ನಾನು ಶುರುಮಾಡಿದೆ. ಅದಿರು ಹೇಗೆ ಬರುತ್ತಿತ್ತು, ಕುಲುಮೆ ಹೇಗೆ ಗುಡುಗುತ್ತಿತ್ತು, ನಾವು ಹೇಗೆ ಕಣ್ಣಿಗೆ ನೀಲಿ ಗಾಜು ಕಟ್ಟಿಕೊಂಡು ಒಳಗೆ ಇಣುಕುತ್ತಿದ್ದೆವು. ಆ 'ನಾವು' ಅನ್ನುವುದನ್ನು ನಾನು ಬಹಳ ಚೆನ್ನಾಗಿ ಬಳಸುತ್ತೇನೆ. ಮೊಣಕೈಯನ್ನೂ ತೋರಿಸಿದೆ. ದಾಕ್ಷಿ ಬರೆದುಕೊಳ್ಳುತ್ತಾ ಹೋದಳು, ಆಮೇಲೆ ತಲೆ ಎತ್ತಿದಳು.

"ತಾತ, ಅದಿರು ಸರಿ, ಇದ್ದಿಲು ಸರಿ. ಸುಣ್ಣದಕಲ್ಲು ಯಾಕೆ ಹಾಕ್ತಾರೆ?"

ಒಂದೇ ಒಂದು ಕ್ಷಣ ಸಾಕಾಗಿತ್ತು, ಗೊತ್ತಿಲ್ಲ ಪುಟ್ಟಿ ಅನ್ನಲು. ಅವಳು ಚಪ್ಪಾಳೆ ತಟ್ಟುತ್ತಿದ್ದಳು. ಬದಲಿಗೆ ನನ್ನ ಬಾಯಿ ತಾನಾಗಿಯೇ ಹೇಳಿತು, "ತುಕ್ಕು ಹಿಡೀಬಾರ್ದು ಅಂತ. ಗೋಡೆಗೆ ಸುಣ್ಣ ಹೊಡೀತೀವಲ್ಲ, ಹಾಗೆ. ಒಳಗಿಂದಾನೇ ಸುಣ್ಣ ಕೊಟ್ಟುಬಿಟ್ರೆ ಕಬ್ಬಿಣ ಗಟ್ಟಿ."

ಸುಮಂಗಲಾ ಮೆಲ್ಲಗೆ, ಪುಸ್ತಕದಲ್ಲಿ ಬೇರೆ ಥರ ಇತ್ತಲ್ಲ ಮಾವ, ಅಂದಳು. ಪುಸ್ತಕ ಬರೆದೋನು ಕುಲುಮೆ ಮುಂದೆ ನಿಂತಿದ್ದನೇನಮ್ಮ ಅಂತ ನಾನು ನಕ್ಕೆ. ದಾಕ್ಷಿ ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಗೆರೆ ಎಳೆದಳು.

ಅಷ್ಟರಲ್ಲಿ ಎದುರಿನ ಚಹಾ ಅಂಗಡಿಯಿಂದ ಮುರುಗೇಶ ಬಂದ. ಅವನು ನಿಜವಾಗಿ ಕುಲುಮೆಯಲ್ಲಿ ದುಡಿದವನು. ದೂರದಿಂದಲೇ ಎರಡೂ ಕೈ ಎತ್ತಿದ. "ಟೈಮ್ ಆಫೀಸ್ ಸಾರ್, ಹೆಂಗಿದ್ದೀರ ಸಾರ್? ಏನಮ್ಮಾ, ನಿಮ್ ತಾತ ಫ್ಯಾನ್ ಕೆಳಗೆ ಕೂತ್ಕೊಂಡು ನಮ್ಗೆಲ್ಲಾ ಕೆಂಪು ಸೀಲ್ ಹೊಡೀತಿದ್ರು. ನನ್ ಮದುವೆ ಮಾರ್ನೇ ದಿನಾನೂ ಬಿಡ್ಲಿಲ್ಲ ಕಣಮ್ಮಾ." ನಾನು ಜೋರಾಗಿ ನಗುತ್ತಾ ಅವನ ಮಕ್ಕಳು ಮರಿ ವಿಚಾರಿಸಿ, ಬಸ್ಸಿಗೆ ಹೊತ್ತಾಯಿತು ಅಂತ ಎಲ್ಲರನ್ನೂ ಎಳೆದುಕೊಂಡು ಬಂದೆ. ಬಸ್ಸು ಅರ್ಧ ಗಂಟೆಯ ನಂತರ ಇತ್ತು. ವಾಪಸು ಬರುವಾಗ ದಾಕ್ಷಿ, ಟೈಮ್ ಆಫೀಸು ಕುಲುಮೆ ಪಕ್ಕದಲ್ಲಿತ್ತಾ ತಾತ ಅಂದಳು. ಪಕ್ಕದಲ್ಲೇ ಅಂದೆ. ಮಧ್ಯೆ ಒಂದು ಮೈಲಿ ಇತ್ತು.

ಮೇ ಕೊನೆಯ ಭಾನುವಾರ ಚನ್ನಬಸಪ್ಪ ಮೇಷ್ಟ್ರು ಬಂದರು. ಸುಮಂಗಲಾ ಅದನ್ನು ಪರೀಕ್ಷೆ ಅನ್ನದೆ ಬೇಸಿಗೆ ಮುಗಿದ ಹಬ್ಬ ಅಂತ ಮಾಡಿದ್ದಳು. ಬಾಗಿಲಿಗೆ ತೋರಣ, ಒಳಗೆ ಹೋಳಿಗೆ, ಗೋಡೆಯ ತುಂಬ ದಾಕ್ಷಿಯ ಕೆಲಸ. ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸು ನಿಲ್ಲುವ ಜಾಗವೆಲ್ಲ ಗುರುತು ಹಾಕಿದ ನಕ್ಷೆಯನ್ನು ನೋಡಿ ಮೇಷ್ಟ್ರು, ಭೇಷ್ ಮಾರಾಯ್ತಿ, ಕಂಡಕ್ಟರಿಗೂ ಇಷ್ಟು ಗೊತ್ತಿಲ್ಲ, ಅಂದರು. ಮೂರನೇ ಹೋಳಿಗೆ ಹಾಕಿಸಿಕೊಂಡರು. ರೇಣುಕ ಮೇಲಿನ ಗುಂಡಿ ಬಿಚ್ಚಿದ. ಗೆದ್ದೆವು ಅಂತ ನಾನೂ ತುಪ್ಪ ಕೇಳಿದೆ. ಆಗ ಅವರು ಕಬ್ಬಿಣದ ನೋಟ್‌ಬುಕ್ಕು ತೆಗೆದರು. ನಮ್ಮ ಭದ್ರಾವತಿ ವಿಷಯ, ಇದನ್ನು ಕೇಳಲೇಬೇಕು, ಅಂದರು. ಕೇಳಿದ್ದು ಸುಣ್ಣದಕಲ್ಲನ್ನೇ.

ದಾಕ್ಷಿ ತಕ್ಷಣ ಉತ್ತರ ಹೇಳುವ ಹುಡುಗಿ. ಆವತ್ತು ಮೊದಲು ನನ್ನ ಕಡೆ ನೋಡಿದಳು. ನಾನು ತುಪ್ಪದ ಕಡೆ ನೋಡಿದೆ.

"ತುಕ್ಕು ಹಿಡೀಬಾರ್ದು ಅಂತ."

ಮೇಷ್ಟ್ರು ನಕ್ಕರು. ತುಕ್ಕಿಗೆ ಸುಣ್ಣವೇ ಔಷಧಿಯಾಗಿದ್ದರೆ ಮಳೆಗಾಲದಲ್ಲಿ ಗೇಟಿಗೆಲ್ಲ ವೀಳ್ಯದೆಲೆ ತಿನ್ನಿಸಬಹುದಿತ್ತು ಅಂದರು. ಇದನ್ನು ಯಾರು ಹೇಳಿಕೊಟ್ಟಿದ್ದು ಅಂತ ಸುಮಂಗಲಾಳ ಕಡೆ ತಿರುಗಿದರು. ಸುಮಂಗಲಾಳ ಕೈಯಲ್ಲಿ ಹೋಳಿಗೆಯ ತಟ್ಟೆ ಹಾಗೆಯೇ ನಿಂತಿತು. ಈಗಲಾದರೂ ನಾನು ಬಾಯಿ ಬಿಡಬೇಕಿತ್ತು. ಬಾಯಿ ತುಂಬ ಇತ್ತು. ಅದೂ ಒಂದು ನೆಪವೇ, ನುಂಗಲು ಎಷ್ಟು ಹೊತ್ತು ಬೇಕು?

"ಯಾರೂ ಹೇಳಿಕೊಟ್ಟಿಲ್ಲ," ಅಂದಳು ದಾಕ್ಷಿ. "ನಾನೇ ಅಂದ್ಕೊಂಡೆ."

ಮೇಷ್ಟ್ರು ನಗು ನಿಲ್ಲಿಸಿ ಕೈ ತೊಳೆದು ಬಂದರು. ಬಸ್ಸಿನ ನಕ್ಷೆ ಎಲ್ಲ ಚೆಂದ, ಆದರೆ ತಿದ್ದುವವರಿಲ್ಲದಿದ್ದರೆ ಮಕ್ಕಳು ತಾವೇ ಏನೇನೋ ಅಂದುಕೊಂಡು ಬರೆದುಬಿಡುತ್ತಾರೆ ಅಂದರು. ರೇಣುಕ ಗುಂಡಿ ಹಾಕಿಕೊಂಡ. ಜೂನಿನ ಮೊದಲ ಸೋಮವಾರ ಮನೆಯಲ್ಲಿ ಮತ್ತೆ ಟೈ ಬಂತು. ನಾನು ಬಚ್ಚಲಿನ ಬಾಗಿಲಲ್ಲಿ ನಿಂಬೆಹಣ್ಣು ಹಿಡಿದು ನಿಂತಿದ್ದೆ. ಕಲ್ಲು ಕರಗಿಸುವ ಕೆಲಸದಲ್ಲಿದ್ದೆ ಅನ್ನುತ್ತಿದ್ದವನಿಗೆ ಅದಕ್ಕಿಂತ ದೊಡ್ಡ ಕೆಲಸ ಆವತ್ತು ಕೈಲಾಗಲಿಲ್ಲ.

ದಸರೆಯ ಹೊತ್ತಿಗೆ ತಡೆಯಲಾರದೆ ಮಗ ಸೊಸೆ ಇಬ್ಬರನ್ನೂ ಕೂರಿಸಿ ಎಲ್ಲ ಹೇಳಿದೆ. ಟೈಮ್ ಆಫೀಸು, ಫ್ಯಾನು, ಚಹಾ, ಸುಣ್ಣ. ರೇಣುಕ ಬಹಳ ಹೊತ್ತು ನನ್ನ ಮೊಣಕೈಯನ್ನೇ ನೋಡಿದ. ಸುಮಂಗಲಾಳ ಕ್ಷಮೆ ಕೇಳಿದೆ. ಅವಳು ಅಂದದ್ದು ಇಷ್ಟು: "ನನಗೆ ಅವತ್ತೇ ಗೊತ್ತಿತ್ತು ಮಾವ. ಸುಣ್ಣದಕಲ್ಲು ಅದಿರಿನ ಕಸಾನೆಲ್ಲ ತಾನು ತಗೊಂಡು ಕಿಟ್ಟ ಆಗಿ ಮೇಲೆ ತೇಲುತ್ತೆ, ಕಬ್ಬಿಣ ಚೊಕ್ಕ ಆಗುತ್ತೆ. ದಾಕ್ಷಿನೂ ಬಸ್ಸಿಳಿದ ಸಂಜೇನೇ ಪುಸ್ತಕ ತೆಗೆದು ನೋಡಿದ್ಲು. ತಾತ ಎದುರಿಗೆ ಕೂತಿದ್ರೆ ಇದನ್ನ ಹೇಳೋದು ಹೇಗಮ್ಮ ಅಂತ ಕೇಳಿದ್ಲು. ನನಗೂ ಗೊತ್ತಾಗ್ಲಿಲ್ಲ." ಚನ್ನಬಸಪ್ಪನಿಗೆ ಫೋನು ಮಾಡಿ ಕ್ಷಮೆ ಕೇಳಿದೆ. ನಿಜ ಹೇಳಬೇಕೆಂದರೆ ಭಾವ, ಅದನ್ನು ಯಾಕೆ ಹಾಕುತ್ತಾರೆ ಅಂತ ನನಗೂ ಸರಿಯಾಗಿ ಗೊತ್ತಿರಲಿಲ್ಲ, ತುಕ್ಕಿಗಲ್ಲ ಅನ್ನುವುದಷ್ಟೇ ಗೊತ್ತಿತ್ತು, ಅಂದರು ಅವರು. ಮುರುಗೇಶನ ಕ್ಷಮೆಯನ್ನೂ ಕೇಳಿದೆ, ಮದುವೆ ಮಾರನೇ ದಿನದ ಸೀಲಿಗೆ.

ದಾಕ್ಷಿಗೆ ಮತ್ತೆ ಮನೆ ಪಾಠವನ್ನೇ ಶುರುಮಾಡೋಣವೇ ಅಂತ ಮಾತು ಬಂತು. ಅವಳೇ ಬೇಡ ಅಂದಳು, ಅಭ್ಯಾಸವಾಗಿದೆ ಅಂದಳು. ವಾಂತಿ ಇಲ್ಲ, ಅಂಕ ಚೆನ್ನಾಗಿ ಬರುತ್ತದೆ. ಪ್ರಶ್ನೆ ಮಾತ್ರ ಕೇಳುವುದಿಲ್ಲ. ಏನಾದರೂ ವಿವರಿಸಲು ಹೋದರೆ, ಗೊತ್ತು ತಾತ, ಅನ್ನುತ್ತಾಳೆ, ಥೇಟ್ ನನ್ನ ಹಾಗೆ. ಹೀಗೆ ಹಿರಿಯರು, ನೆಂಟರು, ಹಳೇ ಜೊತೆಗಾರರು, ಎಲ್ಲರ ಕ್ಷಮೆ ಕೇಳಿ ಮುಗಿಸಿದ ಮೇಲೂ ಒಬ್ಬರು ಉಳಿದುಬಿಟ್ಟರು. ತಾತನಾದವನು ಹತ್ತು ವರ್ಷದ ಮಗುವಿನ ಕ್ಷಮೆ ಕೇಳುವುದು ಹೇಗೆ ಅಂತ ನಮ್ಮ ಮನೆತನದಲ್ಲಿ ಯಾರೂ ಮಾಡಿ ತೋರಿಸಿಲ್ಲ. ಎರಡು ಸಲ ಬಾಯಿ ತೆರೆದೆ. ಒಮ್ಮೆ ಕನ್ನಡಕ ಹುಡುಕಿಕೊಡು ಅಂದೆ, ಇನ್ನೊಮ್ಮೆ ನೀರು ಕೇಳಿದೆ. ಎರಡೂ ತಂದುಕೊಟ್ಟಳು.

ಇದನ್ನು ನಾನು ಬರೆಯುತ್ತಿಲ್ಲ. ನನ್ನ ಕೈ ನಡುಗುತ್ತದೆ. ನಾನು ಹೇಳುತ್ತಿದ್ದೇನೆ, ಎರಡು ಮಧ್ಯಾಹ್ನದಿಂದ ಎದುರಿಗೆ ಕೂತು ಬರೆದುಕೊಳ್ಳುತ್ತಿರುವವಳಿಗೆ ಈಗ ಹದಿಮೂರು ವರ್ಷ. ಸುಮಂಗಲಾಳಿಗೂ ಹೇಳಿ ಬರೆಸಬಹುದಿತ್ತು, ಬೇಕೆಂದೇ ಇವಳನ್ನು ಕೂರಿಸಿಕೊಂಡೆ. ನನ್ನ ಎರಡು ವಾಕ್ಯ ತಿದ್ದಿದಳು, ಚಹಾದ ಕಲೆಗೆ ಒಂದು ಸಲ ನಕ್ಕಳು. 'ನಾನೇ ಅಂದ್ಕೊಂಡೆ' ಅನ್ನುವಲ್ಲಿ ಪೆನ್ನು ನಿಂತಿತು, ಆಮೇಲೆ ಮುಂದೆ ಹೋಯಿತು. ಕ್ಷಮೆ ಕೇಳಬೇಕಾದ ಇನ್ನೊಂದು ಹೆಸರು ಬರೆದರೆ ಮುಗಿಯಿತು ಅಂದೆ ಈಗ. ಅವಳು ತಲೆ ಎತ್ತಿದಳು.

"ಯಾರ ಹೆಸರು ತಾತ?"

ಮೂರು ವರ್ಷದಲ್ಲಿ ಅವಳು ನನ್ನನ್ನು ಕೇಳಿದ ಮೊದಲ ಪ್ರಶ್ನೆ. ಇದಕ್ಕಾದರೂ ಉತ್ತರ ನನಗೆ ನಿಜವಾಗಿ ಗೊತ್ತು. ಪೂರ್ತಿ ಹೆಸರೇ ಬರಿ ಅಂದೆ: ದಾಕ್ಷಾಯಿಣಿ.